ಅಥಣಿಯಿಂದ ಬೆಟದೂರಿಗೆ

ಅಥಣಿಯ ಬಸ್ಸು ನಿಲ್ದಾಣದಲ್ಲಿ ನಾವು ಹುಬ್ಬಳ್ಳಿಯ ದಾರಿ ಹಿಡಿಯಲು ಕಾದು ನಿಂತಿದ್ದೆವು. ಗಚ್ಚಿನಮಠದ ದರ್ಶನ ಮುಗಿಸಿ ಬಂದ ಭಕ್ತರು, ಚಪ್ಪಲಿಯ ಗಂಟು ಹೊತ್ತ ವ್ಯಾಪಾರಿಗಳು, ಇವರ ನಡುವೆ ರಜೆ ತೀರಿಸಿ ಹೊರಟ ತರುಣ ಸಿಪಾಯಿಯೊಬ್ಬನು ತನ್ನ ತಗಡಿನ ಪೆಟ್ಟಿಗೆಯ ಮೇಲೆ ಕುಳಿತಿದ್ದನು. ತಾಯಿಯು ರೊಟ್ಟಿಯ ಗಂಟನ್ನು ಅವನ ಕೈಗಿತ್ತು, “ಅಲ್ಲಿ ಥಂಡಿ ಭಾಳ ಐತೇನೋ ಯಪ್ಪಾ?” ಎಂದಳು. “ಇಲ್ಲಬೇ, ಇಲ್ಲೆ ಇದ್ದಂಗ ಐತಿ” ಎಂದು ಮಗನು ನಕ್ಕನು. ಅದು ಸುಳ್ಳೆಂಬುದು ತಾಯಿಗೂ ತಿಳಿದಂತಿತ್ತು.

ಬೆಳಗಾವಿಯಲ್ಲಿ ಮರಾಠಾ ಪದಾತಿದಳದ ಕೇಂದ್ರವಿರುವುದರಿಂದ ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳ ಕಡೆಗೆ ಇಂತಹ ಬೀಳ್ಕೊಡುಗೆ ಹೊಸದಲ್ಲ. ಆದರೆ ಆ ದಿನ ಅವಳ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ನಾವು ಹೊರಟಿದ್ದುದು ಥಂಡಿಯೊಡನೆ ಹೋರಾಡಿ ಮಡಿದ ಸೈನಿಕನೊಬ್ಬನ ಊರಿಗೆ.

ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳನ್ನು ದಾಟಿ, ಹುಬ್ಬಳ್ಳಿಯನ್ನು ಹಿಂದಿಟ್ಟು, ಸವಾಯಿ ಗಂಧರ್ವರ ಕುಂದಗೋಳವನ್ನು ಸೇರಿದೆವು. ಆ ತಾಲೂಕಿನ ಒಂದು ಹಳ್ಳಿಯೇ ಬೆಟದೂರು. ಸುತ್ತಲೂ ಎರೆಭೂಮಿ, ಹತ್ತಿ, ಮೆಣಸಿನಕಾಯಿ, ಜೋಳ ಬೆಳೆಯುವ ಬಯಲು. ಹಿಮವೆಂಬುದನ್ನು ಚಿತ್ರದಲ್ಲಷ್ಟೇ ಕಾಣುವ ನಾಡು. ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದನು ಇಲ್ಲಿಯ ಒಕ್ಕಲು ಮನೆತನದ ಮಗ.

ಆತನು 2002ರಲ್ಲಿ ಸೈನ್ಯವನ್ನು ಸೇರಿ ಮದ್ರಾಸ್ ರೆಜಿಮೆಂಟಿನ 19ನೆಯ ದಳದವನಾದನು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷಗಳು ಕಷ್ಟದ ಠಾಣ್ಯಗಳಲ್ಲೇ ಕಳೆದುವು. 2003ರಿಂದ 2006ರವರೆಗೆ ಜಮ್ಮು ಸೀಮೆಯ ಮಾಹೋರಿನಲ್ಲಿದ್ದನು. 2008ರಿಂದ 2010ರವರೆಗೆ ತಾನಾಗಿಯೇ ಕೇಳಿಕೊಂಡು ಮತ್ತೆ ಜಮ್ಮು-ಕಾಶ್ಮೀರಕ್ಕೆ ಹೋದನು. ಬಳಿಕ 2012ರವರೆಗೆ ಈಶಾನ್ಯದ ಕಾಡುಗಳಲ್ಲಿ ದುಡಿದನು. 2015ರ ಆಗಸ್ಟಿನಲ್ಲಿ ಸಿಯಾಚಿನ್ ಹಿಮನದಿಯ ಸರದಿ ಬಂದಿತು.

ಅಥಣಿಯ ನೆಲವು ಎರಡು ಸಾವಿರ ಅಡಿಯ ಎತ್ತರವನ್ನೂ ಮುಟ್ಟದು. ಆತನಿದ್ದ ಸೋನಂ ಠಾಣ್ಯವೋ ಹತ್ತೊಂಬತ್ತು ಸಾವಿರ ಅಡಿಗೂ ಮೇಲೆ. ಅಲ್ಲಿ ಉಸಿರಿಗೆ ದೊರೆಯುವ ಪ್ರಾಣವಾಯು ನಮ್ಮಲ್ಲಿಯ ಅರ್ಧದಷ್ಟು. 1984ರಿಂದ ನಮ್ಮ ಸೈನ್ಯವು ಆ ಶಿಖರಗಳನ್ನು ಕಾಯುತ್ತಿದೆ. 2003ರಲ್ಲಿ ಗುಂಡಿನ ಕಾಳಗ ನಿಂತಿತು. ಆದರೆ ಚಳಿಯು ಯಾವ ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಆ ಎತ್ತರದಲ್ಲಿ ಗುಂಡಿಗಿಂತ ಹಿಮಕ್ಕೆ ಬಲಿಯಾದವರೇ ಹೆಚ್ಚು.

2016ರ ಫೆಬ್ರವರಿ 3ರಂದು ಭಾರಿ ಹಿಮದ ಗೋಡೆಯೊಂದು ಕುಸಿದು ಠಾಣ್ಯದ ಹತ್ತು ಜನರನ್ನೂ ಮುಚ್ಚಿತು. ಅವರಲ್ಲಿ ಕನ್ನಡನಾಡಿನವರು ಮೂವರು: ಈತನಲ್ಲದೆ ಹಾಸನದವರೊಬ್ಬರು, ಮೈಸೂರು ಜಿಲ್ಲೆಯವರೊಬ್ಬರು. ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಯಂತ್ರಗಳಿಂದ ಕೊರೆಯುತ್ತ, ಡಾಟ್ ಮತ್ತು ಮಿಶಾ ಎಂಬ ನಾಯಿಗಳ ನೆರವಿನಿಂದ ಸಂಗಡಿಗರು ಹಗಲಿರುಳು ಹುಡುಕಿದರು. ಆರನೆಯ ದಿನ, ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ, ಹನುಮಂತಪ್ಪನು ಜೀವಸಹಿತ ಸಿಕ್ಕನು! ಉಳಿದ ಒಂಬತ್ತು ಜನರಲ್ಲಿ ಒಬ್ಬರೂ ಬದುಕಿರಲಿಲ್ಲ.

ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಆತನು ಪ್ರಜ್ಞೆಯಿಲ್ಲದೆ ಮಲಗಿರಲು ದೇಶವೇ ಹರಕೆ ಹೊತ್ತಿತು. ಪರಿಚಯವಿಲ್ಲದವರು ತಮ್ಮ ಮೂತ್ರಪಿಂಡವನ್ನೇ ಕೊಡಲು ಮುಂದೆ ಬಂದರು. ಫೆಬ್ರವರಿ 11ರಂದು ಪ್ರಾಣವು ಹೋಯಿತು. ಮರುದಿನ ಸರಕಾರಿ ಗೌರವಗಳೊಡನೆ ಆತನ ದೇಹವನ್ನು ಈ ಕರಿಯ ಮಣ್ಣಿನಲ್ಲೇ ಮಣ್ಣು ಮಾಡಿದರು. 2017ರ ಜನವರಿ 15ರ ಸೇನಾದಿನದಂದು ದಿಲ್ಲಿಯಲ್ಲಿ ಆತನ ಸೇನಾ ಪದಕವನ್ನು ಪತ್ನಿಯು ಸ್ವೀಕರಿಸಿದಳು.

ಈ ಪದಕವು ವೈರಿಯನ್ನು ಕೊಂದುದಕ್ಕಾಗಿ ದೊರೆತುದಲ್ಲ. ನಿಲ್ಲಲಾರದ ಸ್ಥಳದಲ್ಲಿ ನಿಂತುದಕ್ಕಾಗಿ ದೊರೆತುದು. ಎದುರಿಗೆ ಬಂದವನ ಮೇಲೆ ಕೈಯೆತ್ತಬಹುದು. ಹಿಮದ ಮೇಲೆ ಯಾರು ಕೈಯೆತ್ತುವರು? ಅಲ್ಲಿ ತಾಳ್ಮೆಯೇ ಶೌರ್ಯ. ಬಿತ್ತಿ ಮಳೆಗಾಗಿ ಮುಗಿಲು ನೋಡುವ ಒಕ್ಕಲಿಗನ ಮನೆಯಲ್ಲಿ ಅಂತಹ ತಾಳ್ಮೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಸಂಜೆಗೆ ಬೆಟದೂರನ್ನು ಬಿಟ್ಟೆವು. ಹೊಲಗಳ ಮೇಲಿಂದ ಬೆಚ್ಚನೆಯ ಗಾಳಿ ಬೀಸುತ್ತಿತ್ತು. ಅಥಣಿಯ ಆ ತಾಯಿಯ ನೆನಪಾಯಿತು. ಗುಂಡಿನ ಮಾತು, ಪದಕದ ಮಾತು ಅವಳು ಆಡಲಿಲ್ಲ; ಥಂಡಿಯೊಂದನ್ನೇ ಕೇಳಿದಳು. ಕೇಳಬೇಕಾದುದನ್ನೇ ಅವಳು ಕೇಳಿದ್ದಳು.