ಕೇಕಿನ ಮೇಲೆ ಸಕ್ಕರೆಯ ಬಸವಣ್ಣ

ಕೇಕು ನಮ್ಮ ನೆಲದ ತಿನಿಸಲ್ಲವೆಂದು ಹಿರಿಯರು ಆಕ್ಷೇಪಿಸುವುದುಂಟು. ಅದು ನಿಜವೂ ಹೌದು. ಮಲಬಾರಿನ ತಲಶ್ಶೇರಿಯಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಎಂಬುವರು ಬ್ರಿಟಿಷ್ ತೋಟಗಾರನೊಬ್ಬನಿಗಾಗಿ ಕ್ರಿಸ್‌ಮಸ್ ಕೇಕು ಬೇಯಿಸಿಕೊಟ್ಟ ಸಂಗತಿ ಪ್ರಸಿದ್ಧವಾಗಿದೆ. ಇಂದು ಆಳಂದದಲ್ಲಿಯೂ ಹುಟ್ಟುಹಬ್ಬವೆಂದರೆ ಮಕ್ಕಳಿಗೆ ಕೇಕು ಬೇಕೇ ಬೇಕು. ಹೋಳಿಗೆ, ಮಾದಲಿಗಳು ಎರಡನೆಯ ಪಂಕ್ತಿಗೆ ಸರಿದಿವೆ.

ನಮ್ಮ ಮನೆಯಲ್ಲಿ ತೊಡಕಾದದ್ದು ಬೇರೊಂದು ಕಾರಣಕ್ಕೆ. ನಮ್ಮ ಅತ್ತೆಯವರು ಲಿಂಗಪೂಜೆಯಿಲ್ಲದೆ ಹನಿ ನೀರನ್ನೂ ಮುಟ್ಟದವರು. ಪೇಟೆಯ ಕೇಕಿನಲ್ಲಿ ತತ್ತಿ ಇಲ್ಲವೆಂದು ಯಾರು ಆಣೆ ಮಾಡಿದರೂ ಅವರು ನಂಬುತ್ತಿರಲಿಲ್ಲ. ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ ಹರಸಿ, ಆಮೇಲೆ ದೂರದಲ್ಲಿ ಗೋಡೆಗೊರಗಿ ಕೂಡುತ್ತಿದ್ದರು. ಮಗು ತುಂಡನ್ನು ಹಿಡಿದು ಅವರ ಬಳಿ ಹೋಗುವುದು, ಅವರು ತಲೆಯಲ್ಲಾಡಿಸುವುದು, ಮಗು ಹಾಗೆಯೇ ಹಿಂದಿರುಗುವುದು - ಇದನ್ನು ಮೂರು ವರ್ಷ ನೋಡಿದೆವು. ನಾಲ್ಕನೆಯ ವರ್ಷ ಅವರ ಕಣ್ಣೆದುರಿಗೇ ಕೇಕು ಮಾಡಲು ನಿಶ್ಚಯಿಸಿದೆವು.

ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಗಟ್ಟಿ ಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಎಣ್ಣೆ, ಒಂದೂಕಾಲು ಚಮಚ ಬೇಕಿಂಗ್ ಪುಡಿ, ಅರ್ಧ ಚಮಚ ಸೋಡಾ. ಮೊಸರಿನ ಹುಳಿಯೂ ಸೋಡಾವೂ ಕೂಡಿದಾಗ ಹುಟ್ಟುವ ಗಾಳಿಯೇ ಹಿಟ್ಟನ್ನು ಉಬ್ಬಿಸುವುದರಿಂದ ತತ್ತಿಯ ಹಂಗಿಲ್ಲ. ಕುಕ್ಕರಿನ ತಳದಲ್ಲಿ ಉಪ್ಪು ಹರವಿ, ಸೀಟಿ ಮತ್ತು ರಬ್ಬರನ್ನು ತೆಗೆದು, ನೀರು ಹಾಕದೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಸಾಕು.

ಇನ್ನು ಅಲಂಕಾರ. ಮಗುವಿಗೆ ಬಣ್ಣಬಣ್ಣದ ಜೆಲ್ಲಿ ಮಿಠಾಯಿಯ ಆಸೆ. ಆದರೆ ಅಂತಹ ಹಲವು ಮಿಠಾಯಿಗಳಲ್ಲಿ ಜಿಲಾಟಿನ್ ಇರುತ್ತದೆ. ಅದು ಪ್ರಾಣಿಗಳ ತೊಗಲು, ಎಲುಬುಗಳಿಂದ ತೆಗೆಯುವ ಪದಾರ್ಥ. ತತ್ತಿಯ ವಿಷಯದಲ್ಲಿ ಎಚ್ಚರ ವಹಿಸುವ ಎಷ್ಟೋ ತಾಯಂದಿರು ಇದನ್ನು ಗಮನಿಸುವುದಿಲ್ಲ. ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿಯೇ ಕೊಳ್ಳಬೇಕು. ಗಟ್ಟಿ ಪೆಪ್ಪರಮೆಂಟು ಬಹುಮಟ್ಟಿಗೆ ಸಕ್ಕರೆ ಪಾಕವೇ. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹೀರಾಚಂದರು 1933ರಲ್ಲಿ ಸ್ಥಾಪಿಸಿದ ಸಕ್ಕರೆ ಉದ್ಯಮದಿಂದಲೇ ನಾವೆಲ್ಲ ಚೀಪಿ ಬೆಳೆದ ರಾವಳಗಾಂವ ಮಿಠಾಯಿ ಬಂದದ್ದು. 2024ರಲ್ಲಿ ಆ ಹೆಸರು 27 ಕೋಟಿ ರೂಪಾಯಿಗೆ ರಿಲಯನ್ಸ್ ಸಂಸ್ಥೆಯ ಪಾಲಾಯಿತು. ತೀರ ಎಳೆಯ ಮಕ್ಕಳ ಕೈಗೆ ಮಾತ್ರ ಈ ದುಂಡು ಪೆಪ್ಪರಮೆಂಟು ಕೊಡಲಾಗದು, ಗಂಟಲಲ್ಲಿ ಸಿಕ್ಕೀತು.

ಅಷ್ಟರಲ್ಲಿ ನಮ್ಮ ದೃಷ್ಟಿ ಜಗಲಿಯ ಮೇಲಿನ ತಟ್ಟೆಯತ್ತ ಹರಿಯಿತು. ಗೌರಿ ಹುಣ್ಣಿಮೆ ಆಗಷ್ಟೇ ಮುಗಿದಿತ್ತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕಾರ್ತಿಕದ ಆ ದಿನ ಬೆಳಗುವ ಸಕ್ಕರೆ ಆರತಿಯ ಗೊಂಬೆಗಳನ್ನು ಬಲ್ಲವರೇ ಬಲ್ಲರು: ನೆನೆಸಿದ ಮರದ ಅಚ್ಚುಗಳನ್ನು ಬಿಗಿದು ಕಟ್ಟಿ, ಕಾದ ಪಾಕವನ್ನು ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ಒಂಟೆ, ನವಿಲು, ಗೋಪುರ, ಬಸವಣ್ಣ! ಇದಕ್ಕಿಂತ ಚೆಲುವಾದ ಮಿಠಾಯಿ ಯಾವ ಪೇಟೆಯಲ್ಲಿದೆ?

ಸಕ್ಕರೆ ಪುಡಿಗೆ ಒಂದೆರಡು ಚಮಚ ನಿಂಬೆರಸ ಬೆರೆಸಿ, ಆರಿದ ಕೇಕಿನ ಮೇಲೆ ತೆಳ್ಳಗೆ ಬಳಿದೆವು. ಬಿಸಿ ಇರುವಾಗ ಬಳಿದರೆ ಅದು ಹರಿದುಹೋಗುತ್ತದೆ. ಅಂಚಿಗೆ ಸಂಕ್ರಾಂತಿಯಿಂದ ಡಬ್ಬಿಯಲ್ಲಿ ಉಳಿದಿದ್ದ ಕುಸುರೆಳ್ಳು, ನಡುವೆ ನವಿಲೆರಡು, ನೆತ್ತಿಯಲ್ಲಿ ಬಸವಣ್ಣ. ಸಕ್ಕರೆ ತೇವವನ್ನು ಹೀರಿ ಬಣ್ಣ ಬಿಡುವುದರಿಂದ ಗೊಂಬೆಗಳನ್ನು ಕೊಯ್ಯುವ ಹೊತ್ತಿಗೇ ಇರಿಸಿದೆವು. ಮೇಣದ ಬತ್ತಿ ಆರಿಸುವ ಪದ್ಧತಿಯನ್ನು ಕೈಬಿಟ್ಟು ಆರತಿ ಬೆಳಗಿದೆವು. ದೀಪ ಹಚ್ಚುವ ದಿನ ಅದನ್ನೇಕೆ ಊದಬೇಕೋ ನಮಗೆ ಎಂದೂ ತಿಳಿದಿಲ್ಲ.

ಮಗು ತುಂಡನ್ನು ಒಯ್ದಿತು. ಅತ್ತೆಯವರು ಕುಕ್ಕರಿನತ್ತ ಒಮ್ಮೆ, ನಮ್ಮತ್ತ ಒಮ್ಮೆ ನೋಡಿ, ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ನುಂಗಿದ ಮೇಲೆ, "ಹೋಳಿಗಿ ಮುಂದ ಇದೇನೂ ಅಲ್ಲ ಬಿಡು" ಎಂದು, ಇನ್ನೊಂದು ತುಂಡಿಗೆ ಕೈ ಚಾಚಿದರು.