ಕೇಳದೆ ಕಿತ್ತ ಕಂಬಗಳು

ಮ್ಯಾಡ್ರಿಡ್‌ನಲ್ಲಿ ನನ್ನ ಪ್ರಾಜೆಕ್ಟ್ ಮುಗಿಯೋ ಹೊತ್ತಿಗೆ ಅಮ್ಮ ಬಂದಿದ್ದಳು. ರೈಲಿನಲ್ಲಿ ಎರಡು ಗಂಟೆಯೂ ಹಿಡಿಯಲ್ಲ ಅಂತ ಒಂದು ಶನಿವಾರ ಕಾರ್ಡೊಬಾಗೆ ಹೊರಟೆವು. ಅಲ್ಲಿನ ಮೆಸ್ಕಿಟಾದ ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಡಲು ಬಗ್ಗಿದಳು. ಕಾವಲಿನವನು ನಗುತ್ತಾ ಬೇಡ ಅಂತ ಕೈಯಾಡಿಸಿದ.

ಒಳಗೆ ಕೆಂಪು-ಬಿಳಿ ಪಟ್ಟೆಯ ಜೋಡಿ ಕಮಾನುಗಳು, ಎಂಟುನೂರಕ್ಕೂ ಹೆಚ್ಚು ಕಂಬಗಳು. 8ನೇ ಶತಮಾನದ ಕೊನೆಗೆ ಮೊದಲನೇ ಅಬ್ದುಲ್ ರಹಮಾನ್ ಶುರುಮಾಡಿಸಿದ ಮಸೀದಿ ಇದು. ಎಷ್ಟೋ ಕಂಬಗಳನ್ನು ಇನ್ನೂ ಹಳೆಯ ರೋಮನ್ ಕಟ್ಟಡಗಳಿಂದ ತಂದದ್ದು. 1236ರಲ್ಲಿ ಊರು ಕ್ರೈಸ್ತ ರಾಜನ ಕೈಸೇರಿ ಮಸೀದಿ ಚರ್ಚ್ ಆಯಿತು; ಕಟ್ಟಡ ಮಾತ್ರ ಬಹುಪಾಲು ಹಾಗೇ ಉಳಿಯಿತು. ನಡುವಿನ ಕಂಬಗಳನ್ನು ಕಿತ್ತು ದೊಡ್ಡ ಕ್ಯಾಥೆಡ್ರಲ್ ಎಬ್ಬಿಸಲು ಹೊರಟದ್ದು 1523ರಲ್ಲಿ. ಅದಕ್ಕೆ ಅಡ್ಡ ನಿಂತದ್ದು ಕ್ರೈಸ್ತರದ್ದೇ ನಗರಸಭೆ. ಚಕ್ರವರ್ತಿ ಐದನೇ ಚಾರ್ಲ್ಸ್ ಒಪ್ಪಿಗೆ ಕೊಟ್ಟ ಮೇಲೆ ಅವರ ಮಾತು ನಡೆಯಲಿಲ್ಲ.

"ಅವರು ಕಟ್ಟಿದ್ದಲ್ಲವಲ್ಲ, ಅವರಿಗ್ಯಾಕೆ ಸಂಕಟ?" ಅಂದಳು ಅಮ್ಮ.

"ಹುಟ್ಟಿದಾಗಿನಿಂದ ನೋಡಿದ ಜಾಗ ಅಲ್ವಾ," ಅಂದೆ, ದೊಡ್ಡ ಗೈಡ್ ಥರ.

"ಹೂಂ," ಅಂದು ಸುಮ್ಮನಾದಳು.

ಆಗ ನೆನಪಾಯಿತು. ಊರಿಗೆ ಹೋದ ಕೂಡಲೇ, ಅಪ್ಪ ಕಟ್ಟಿಸಿದ ಮನೆಯನ್ನು ಅಪಾರ್ಟ್‌ಮೆಂಟಿಗೆ ಕೊಡೋ ಕಾಗದಕ್ಕೆ ನಾನು, ಅಣ್ಣ ಸಹಿ ಹಾಕೋದಿತ್ತು. ರೇಟು, ಚದರಡಿ ಎಲ್ಲಾ ಮಾತಾಡಿದ್ದೆವು. ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ.

"ಅಮ್ಮಾ, ಮನೆ ಕೊಡೋದು ನಿಂಗಿಷ್ಟ ಇದೆಯಾ?"

"ಈಗಲಾದ್ರೂ ಕೇಳಿದ್ಯಲ್ಲ," ಅಂದಳು. ಇಷ್ಟ ಇದೆ ಅಂತ ಹೇಳಲಿಲ್ಲ.

ಆ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದೆ.