ಕರಮರಕರರ ಪುಟ

ಸಿಂಧಿಗಳ ಊರಾದ ಉಲ್ಹಾಸನಗರದಲ್ಲಿ ಕನ್ನಡದವನೊಬ್ಬ ಮರಾಠಿ ಪತ್ರಿಕೆ ಕೊಳ್ಳುತ್ತಿದ್ದನೆಂದರೆ ಕಾರಣ ಎರಡರಲ್ಲೊಂದು: ಬಾಡಿಗೆ ಮನೆಯ ಜಾಹೀರಾತು, ಇಲ್ಲವೇ ಆಟದ ಪುಟದ ವಿ. ವಿ. ಕರಮರಕರ್. ಮನೆಯ ಚಿಂತೆ ಹೇಗೋ ತೀರಿತು. ಕರಮರಕರರ ಚಟ ಬಿಡಲಿಲ್ಲ.

ಬೆಳಗಿನ ಲೋಕಲ್‌ನಲ್ಲಿ 'ಮಹಾರಾಷ್ಟ್ರ ಟೈಮ್ಸ್' ಕೊಂಡವನ ಕೈಯಲ್ಲಿ ಉಳಿಯುತ್ತಿದ್ದದ್ದು ಕಲ್ಯಾಣದವರೆಗೆ ಮಾತ್ರ. ಆಮೇಲೆ ಆಸ್ತಿ ಪಾಲಾದಂತೆ ಹಾಳೆಗಳು ಪಾಲಾಗುತ್ತಿದ್ದವು. ರಾಜಕೀಯ ಕಿಟಕಿ ಪಕ್ಕದ ಹಿರಿಯರಿಗೆ; ಆಟದ ಪುಟ ನಾಲ್ಕನೇ ಸೀಟಿನ ತುದಿಯಲ್ಲಿ ಒಂದು ತೊಡೆ ಊರಿ ಕೂತ ನಮ್ಮಂಥವರಿಗೆ. ದಾದರ್ ಹೊತ್ತಿಗೆ ಅದರ ಮೇಲೆ ಯಾರದೋ ವಡಾಪಾವಿನ ಎಣ್ಣೆ.

ನಾಸಿಕದ ಕರಮರಕರ್ 1962ರಲ್ಲಿ ಪತ್ರಿಕೆ ಶುರುವಾದ ಕಾಲದಿಂದ ಅಲ್ಲಿದ್ದವರು. ಮರಾಠಿ ದಿನಪತ್ರಿಕೆಯಲ್ಲಿ ಆಟಕ್ಕೆ ಇಡೀ ಪುಟ ದಕ್ಕಿಸಿಕೊಟ್ಟವರೆಂದು ಅವರನ್ನು ಹೊಗಳುತ್ತಾರೆ. ಸರಿಯೇ. ಆದರೆ ದಕ್ಕಿದ ಪುಟದಲ್ಲಿ ಅವರು ಪಂಕ್ತಿಭೇದ ಮಾಡಲಿಲ್ಲವಲ್ಲ, ನನಗೆ ಅದು ಹೆಚ್ಚಿನದು. ಗಾವಸ್ಕರ್ ಕೂತ ಪಂಕ್ತಿಯಲ್ಲೇ ಖೋಖೋ, ಕಬಡ್ಡಿಯವರಿಗೂ ಎಲೆ ಹಾಕಿದರು. ಲಾಲಬಾಗ್, ಪರೇಲಿನ ಗಿರಣಿ ಕೆಲಸಗಾರರು ಪಾಳಿ ಮುಗಿಸಿ ಬಂದು ಮಣ್ಣಂಕಣಕ್ಕೆ ನೀರು ಚಿಮುಕಿಸಿ, ಬಲ್ಬಿನ ಬೆಳಕಲ್ಲಿ ಆಡುತ್ತಿದ್ದ ಆಟ ಕಬಡ್ಡಿ. 1982ರಲ್ಲಿ ದಿಲ್ಲಿ ಏಷ್ಯಾಡಿನಲ್ಲಿ ಕಬಡ್ಡಿ ಪ್ರದರ್ಶನಕ್ಕೆ ನಿಂತಿತು; ಅದೇ ವರ್ಷ ದತ್ತಾ ಸಾಮಂತರ ಮುಷ್ಕರದಲ್ಲಿ ಗಿರಣಿಗಳು ನಿಂತವು. 1990ರಲ್ಲಿ ಬೀಜಿಂಗ್‌ನಿಂದ ಕಬಡ್ಡಿಯ ಚಿನ್ನ ಬಂದಾಗ, ಆ ಆಟವನ್ನು ಸಾಕಿ ಬೆಳೆಸಿದ ಎಷ್ಟೋ ಮನೆಗಳಲ್ಲಿ ಸಂಬಳವಿರಲಿಲ್ಲ. ಇಂಥ ಆಟದವರ ಹೆಸರು ಅಚ್ಚಾಗುವುದೆಂದರೆ ಏನೆಂದು ಪ್ರೊ ಕಬಡ್ಡಿಯ ದೀಪಗಳಲ್ಲಿ ಕಣ್ಣು ಬಿಟ್ಟವರಿಗೆ ಹೇಗೆ ಹೇಳುವುದು?

ಲೋಕಲ್‌ನ ಡಬ್ಬಿಯಲ್ಲಿ ನನ್ನ ಕನ್ನಡತನ ಹೊರಬಿದ್ದದ್ದು 1974ರ ರಣಜಿ ಸೆಮಿಫೈನಲ್ಲಿನಲ್ಲಿ. ಹದಿನೈದು ವರ್ಷ ಯಾರಿಗೂ ಟ್ರೋಫಿ ಬಿಟ್ಟುಕೊಡದ ಮುಂಬಯಿ ಬೆಂಗಳೂರಿನಲ್ಲಿ ಕರ್ನಾಟಕದ ಕೈಗೆ ಸಿಕ್ಕಿಬಿತ್ತು. ವಿಶ್ವನಾಥ್ 162, ಬ್ರಿಜೇಶ್ 106, ಪ್ರಸನ್ನನಿಗೆ ಗಾವಸ್ಕರ್ ಬೌಲ್ಡ್. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಕಾಲು ಜಾರಿ ರನೌಟ್. "ಬೂಟಿನಿಂದ ಗೆದ್ದಿರಿ, ಅಣ್ಣಾ" ಎಂಬ ಮಾತನ್ನು ಆವತ್ತಿನಿಂದ ಕೇಳುತ್ತಲೇ ಇದ್ದೇನೆ. ಮೊದಲ ಇನಿಂಗ್ಸಿನಲ್ಲಿ 78 ರನ್ ಹಿಂದೆ ಬಿದ್ದದ್ದಕ್ಕೆ ಬೂಟು ಎಷ್ಟು ಹೊಣೆ ಎಂದು ನಾನೂ ಕೇಳುತ್ತಲೇ ಇದ್ದೇನೆ.

ಕರಮರಕರ್ 2023ರ ಮಾರ್ಚ್ 6ರಂದು ಹೋದರು. 84 ವರ್ಷ. ಸುದ್ದಿ ಬಂದದ್ದು ನಮ್ಮ ಲೋಕಲ್ ಗೆಳೆಯರ ವಾಟ್ಸಾಪ್ ಗುಂಪಿಗೆ. ಎಲ್ಲರೂ ನಿವೃತ್ತರು, ಬೆರಳಿಗೆ ಬೇರೆ ಕೆಲಸವಿಲ್ಲ. ಮೊದಲು ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಒಬ್ಬ ಅವರ ಖೋಖೋ ವರದಿಗಳನ್ನು ನೆನೆದ. ಇನ್ನೊಬ್ಬ ಕ್ರಿಕೆಟ್ಟಿಗೆ ಎಳೆದ. ಮೂರನೆಯವನು ವಾಡೇಕರರ ಬೂಟು ತೆಗೆದ. ಶ್ರದ್ಧಾಂಜಲಿ ಅಲ್ಲಿಗೆ ಮುಗಿಯಿತು, ಜಗಳ ಶುರು. ಕರಮರಕರರಿಗೆ ಇದರಿಂದ ಬೇಸರವಾಗುತ್ತಿರಲಿಲ್ಲವೆಂದು ನನ್ನ ಎಣಿಕೆ.

ಮಹಿಳೆಯರ ಪ್ರೀಮಿಯರ್ ಲೀಗ್ ಅದಕ್ಕೆ ಎರಡೇ ದಿನ ಹಿಂದೆ ನವಿ ಮುಂಬಯಿಯ ಡಿ. ವೈ. ಪಾಟೀಲ್ ಮೈದಾನದಲ್ಲಿ ಶುರುವಾಗಿತ್ತು. ಕರಮರಕರ್ ಹೋದ ದಿನದ ರಾತ್ರಿ ಬ್ರಬೋರ್ನ್‌ನಲ್ಲಿ ಬೆಂಗಳೂರು ಮುಂಬಯಿಗೆ 9 ವಿಕೆಟ್‌ಗಳಿಂದ ಸೋತಿತು. "1974ರ ಬಾಕಿ ಬಡ್ಡಿ ಸಮೇತ ಚುಕ್ತಾ" ಎಂದು ಗುಂಪಿನಲ್ಲಿ ಒಬ್ಬ ಬರೆದ. ಸೋತ ನಾಯಕಿ ಸ್ಮೃತಿ ಮಂಧಾನಾ ನಿಮ್ಮ ಸಾಂಗ್ಲಿಯವಳಲ್ಲವೇ, ಅದನ್ನು ಯಾವ ಖಾತೆಗೆ ಬರೆಯುತ್ತೀರಿ ಎಂದು ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.